ಕ್ಷೇಮದ ಆಚೆಯ ಮಾತು

ಚಾಲ್ಬಿ ಮರುಭೂಮಿಯ ಅಂಚು, ಕೆಳಗಿನ ಬಾವಿಯ ಬಿಡಾರ
ಬುಧವಾರ, ಒಂಟೆಗಳು ಮೇವಿಗೆ ಹೊರಟ ಹೊತ್ತು

ಮುದ್ದು ತಂಗಿ ಬೊಕಾಯೊ,

ಒಂಟೆಗಳು ಕ್ಷೇಮ, ಮೇಕೆಗಳು ಕ್ಷೇಮ. ಅಪ್ಪ ಕ್ಷೇಮ, ನಾನು ಕ್ಷೇಮ, ಮಗಳು ದಿರಾಮು ಕ್ಷೇಮ. ನಿನ್ನ ಭಾವ ಹಾಲಿಲ್ಲದ ಒಂಟೆಗಳನ್ನು ಹೊಡೆದುಕೊಂಡು ದೂರದ ಹುಲ್ಲಿಗೆ ಹೋಗಿದ್ದಾರೆ, ಅವರೂ ಕ್ಷೇಮವೆಂದೇ ಸುದ್ದಿ. ನೀನೂ ನಿನ್ನ ಆಸ್ಪತ್ರೆ ಆಫೀಸಿನ ಚಹಾ ಕೆಟಲೂ ಕ್ಷೇಮವೆಂದು ನಂಬುತ್ತೇನೆ.

ಈಗ ಕೂತುಕೊಂಡು ಓದು. ಪಕ್ಕದ ಮನೆಯ ಇಸಾಕೊ ಮೇಕೆ ಮಾರಲು ನಿಮ್ಮ ಪೇಟೆಗೆ ಹೊರಟಿದ್ದಾನೆ. ಬಾಯಿಮಾತಲ್ಲೇ ಹೇಳಿ ಕಳಿಸಬಹುದಿತ್ತು. ಆದರೆ ಅವನೂ ನಮ್ಮವನೇ ತಾನೆ? ನಿನ್ನ ಬಾಗಿಲಲ್ಲಿ ನಿಂತು ನಮ್ಮ ರೂಢಿಯಂತೆ ಮೊದಲು ಎಲ್ಲ ಕ್ಷೇಮ ಎನ್ನುತ್ತಾನೆ. ಆಮೇಲೆ ನೀನು ಚಹಾ ಕೊಡಬೇಕು, ಎರಡು ಸಲ ವಿಚಾರಿಸಬೇಕು. ಅಷ್ಟರಲ್ಲಿ ಯಾರಾದರೂ ಮೇಕೆ ಕೇಳಿಕೊಂಡು ಬಂದರೆ ಹೊರಟೇಬಿಡುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ.

ಬಿಡಾರಕ್ಕೆ ವಾಂತಿಭೇದಿ ಬಂದಿದೆ. ಚುಕುಲೆ ಅಜ್ಜಿ ಭಾನುವಾರ ಹೋದಳು. ಭೇದಿ ಅಕ್ಕಿ ತೊಳೆದ ನೀರಿನಂತೆ ಹೋಗುತ್ತಲೇ ಇತ್ತು, ಸಂಜೆ ಹೊತ್ತಿಗೆ ಆ ದಪ್ಪ ಅಜ್ಜಿ ಗುರುತೇ ಸಿಗದಷ್ಟು ಬತ್ತಿಹೋಗಿದ್ದಳು. ಮಾರನೆಯ ದಿನ ಅವಳ ಸೊಸೆ. ಈಗ ಒಂದೊಂದೇ ಮನೆಯವರು ಹಾಸಿಗೆ ಹಿಡಿಯುತ್ತಿದ್ದಾರೆ. ಕಳೆದ ತಿಂಗಳ ಮಳೆನೀರು ಬಯಲ ಹೊಲಸನ್ನೆಲ್ಲ ಬಾವಿಗೆ ತಂದು ಹಾಕಿತ್ತು. ನೀರಿಗೆ ಹಾಕಲು ನೀವು ಕೊಟ್ಟಿದ್ದ ಬಿಳಿ ಮಾತ್ರೆ ಮುಗಿದು ಎಷ್ಟೋ ದಿನವಾಯಿತು. ನನಗೆ ತುಂಬಾ ಭಯವಾಗಿದೆ, ಬೊಕಾಯೊ.

ನಿಮ್ಮ ಔಷಧಿ ಗಾಡಿ ಯಾಕೆ ಬರಲಿಲ್ಲ ಎಂದು ನಿನಗೆ ಗೊತ್ತಿರಲಿಕ್ಕಿಲ್ಲ. ನೀನು ತರಬೇತಿಗೆಂದು ಮರ್ಸಾಬಿಟ್‌ಗೆ ಹೋಗಿದ್ದಾಗ, ಅಜ್ಜಿ ತೀರಿಹೋದ ಮರುದಿನ, ನಿಮ್ಮ ನರ್ಸ್ ಮ್ವೇಂಡೆ ಅಪ್ಪನಿಗೆ ಫೋನ್ ಮಾಡಿದ್ದಳು. ನಾನು ಪಕ್ಕದಲ್ಲೇ, ಹಾಲು ಕೆಡದಿರಲೆಂದು ನಾರಿನ ಹಾಲುಬುಟ್ಟಿಗೆ ಹೊಗೆ ಹಿಡಿಯುತ್ತಿದ್ದೆ. ಅವಳು "ಕ್ಷೇಮಾನಾ? ಕಾಯಿಲೆ ಕಸಾಲೆ ಏನಾದ್ರೂ ಇದೆಯಾ?" ಎಂದು ಕೇಳಿದಳು. ಅಪ್ಪ "ಕ್ಷೇಮ ಕಣಮ್ಮ, ಒಂಟೆ ಕ್ಷೇಮ, ಮಕ್ಕಳು ಕ್ಷೇಮ" ಎಂದರು. "ತುಂಬಾ ಸಂತೋಷ" ಎಂದು ಅವಳು ಇಟ್ಟೇಬಿಟ್ಟಳು. ಅಪ್ಪ ಇನ್ನೊಂದು ಸಲ ಕೇಳುತ್ತಾಳೆಂದು ಫೋನನ್ನು ಕಿವಿಗೆ ಒತ್ತಿಕೊಂಡು ಕಾಯುತ್ತಲೇ ಇದ್ದರು.

ನೀನಾಗಿದ್ದರೆ ಸುಮ್ಮನೆ ಚಹಾ ಕುಡಿಯುತ್ತ "ಮತ್ತೆ ಏನು ಸಮಾಚಾರ ಅಪ್ಪಾ?" ಎನ್ನುತ್ತಿದ್ದೆ. ಆಗ ಎಲ್ಲ ಹೊರಬರುತ್ತಿತ್ತು. ಬೇರೆ ಕಡೆಯ ಆ ಹುಡುಗಿಗೆ ನಮ್ಮ ರೀತಿ ಏನು ಗೊತ್ತು ಪಾಪ. ಕಳೆದ ಸಲ ಬಂದಾಗ ದಿರಾಮುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಡೆ ಹಾಕಿದ್ದಳು, ಅವಳನ್ನು ಬೈಯಲು ಮನಸ್ಸಾಗುವುದಿಲ್ಲ. ನಾನು ಅಪ್ಪನ ಮೇಲೆ ರೇಗಿದೆ, ಅಜ್ಜಿ ಸತ್ತದ್ದನ್ನು ಮೊದಲೇ ಹೇಳಬಾರದಿತ್ತೇ ಎಂದು. "ಹೇಳಕ್ಕೆ ಬಿಟ್ಲಾ ಅವಳು? ಬಾಯಿ ತೆಗೆದ ತಕ್ಷಣ ಸಾವಿನ ಸುದ್ದಿ ಕೂಗಕ್ಕೆ ನಾನೇನು ಕತ್ತೆಕಿರುಬನಾ?" ಎಂದರು. ಆದರೂ ನನ್ನ ಕಾಟ ತಾಳಲಾರದೆ ಮತ್ತೆ ಫೋನ್ ಮಾಡಲು ಒಪ್ಪಿದರು. ಅಷ್ಟರಲ್ಲಿ ಚಾರ್ಜು ಮುಗಿದಿತ್ತು. ನೀವು ಕೊಟ್ಟ ಸೋಲಾರ್ ಹಲಗೆಯ ಮೇಲೆ ನಮ್ಮ ಮುದಿ ಒಂಟೆ ಸುಖವಾಗಿ ಕೂತುಬಿಟ್ಟಿತ್ತು, ಹಲಗೆ ಮೂರು ಚೂರು. ಬೇರೆ ಹೊತ್ತಾಗಿದ್ದರೆ ನೀನೂ ನಾನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಈಗ ಹಿರಿಯರೆಲ್ಲ ಸೇರಿ ನಾಳಿದ್ದು ಬೆಳಿಗ್ಗೆ ಬಿಡಾರ ಎತ್ತುವುದೆಂದು ತೀರ್ಮಾನಿಸಿದ್ದಾರೆ. "ಸಾವು ಬಂದು ಕೂತ ಜಾಗ ಇದು. ಅದಕ್ಕೆ ದಾರಿ ಗೊತ್ತಾಗೋದರೊಳಗೆ ನಾವು ಹೋಗಿಬಿಡಬೇಕು" ಎನ್ನುತ್ತಾರೆ ಅಪ್ಪ. ಕಾಯಿಲೆಯವರನ್ನು ಒಂಟೆಯ ಮೇಲೆ ಕಟ್ಟಿ ಈ ಬಿಸಿಲಲ್ಲಿ ಕರೆದೊಯ್ದರೆ ಸಂಜೆಗೆ ಯಾರನ್ನು ಜೀವಂತ ಇಳಿಸಿಕೊಳ್ಳುತ್ತೇವೋ ಗೊತ್ತಿಲ್ಲ. ನಾವು ಹೋಗಿ ಇಳಿಯುವ ಬಾವಿಯ ಹತ್ತಿರವೂ ನಮ್ಮಂಥ ಜನರಿದ್ದಾರೆ, ಅವರಿಗೂ ಕಾಯಿಲೆ ಹಂಚಿಬಿಡುತ್ತೇವೆ. ಅಪ್ಪ ಕೆಟ್ಟವರಲ್ಲ, ಹೆದರಿದ್ದಾರೆ.

ಹೆಂಗಸರು ಆಗಲೇ ಮನೆಯ ಚಾಪೆಗಳನ್ನು ಬಿಚ್ಚುತ್ತಿದ್ದಾರೆ. ಮನೆ ನಮ್ಮದು ತಾನೆ, ಕಟ್ಟುವವರೂ ನಾವೇ, ಬಿಚ್ಚುವವರೂ ನಾವೇ. ಗಂಡಸರು ಒಂದು ಕೋಲನ್ನೂ ಕೀಳುವಂತಿಲ್ಲ. ನಾನು ಮಾತ್ರ ಇನ್ನೂ ಕೈ ಹಾಕಿಲ್ಲ. "ಏನೇ ತಲಾಸೊ, ಸೊಂಟ ಹಿಡ್ಕೊಂಡಿದೆಯಾ?" ಎಂದು ಅಪ್ಪ ಕೇಳಿದರು. ಹೌದು ಎಂದೆ.

ಆದ್ದರಿಂದ ನಾಳಿದ್ದು ಬೆಳಗಾಗುವುದರೊಳಗೆ ಗಾಡಿ ಇಲ್ಲಿರಬೇಕು. ನೀರಿನ ಮಾತ್ರೆ ತಾ. ಸೂಜಿಯಲ್ಲಿ ಏರಿಸುವ ಬಾಟಲಿಗಳನ್ನು ಸಿಕ್ಕಷ್ಟೂ ತಾ. ಉಪ್ಪು ಸಕ್ಕರೆ ಪುಡಿಯ ಪೊಟ್ಟಣ ತರುವಾಗ, ನಾಲ್ಕು ವರ್ಷದ ಮಗುವಿಗೆ ಎಷ್ಟೆಷ್ಟು ಹೊತ್ತಿಗೆ ಕುಡಿಸಬೇಕು, ಕುಡಿದದ್ದೆಲ್ಲ ಕಕ್ಕಿಬಿಟ್ಟರೆ ಏನು ಮಾಡಬೇಕು ಎಂದು ಮ್ವೇಂಡೆಯನ್ನು ಕೇಳಿಕೊಂಡು ಬಾ. ಬಿಡಾರದಲ್ಲಿ ಆ ವಯಸ್ಸಿನ ಮಕ್ಕಳು ಇದ್ದಾರಲ್ಲ, ಅದಕ್ಕೆ ಕೇಳಿದೆ.

ದಿರಾಮು ಮಲಗಿದ್ದಾಳೆ. ಹಗಲು ಮಲಗುವ ಜಾತಿಯಲ್ಲ ಅವಳು, ನಿನಗೇ ಗೊತ್ತು. ಚಿಕ್ಕಮ್ಮ ಯಾವಾಗ ಬರ್ತಾಳೆ ಎಂದು ಕೇಳಿದಳು. ನಾಳೆ ಎಂದಿದ್ದೇನೆ.

ಇಸಾಕೊ ಹೊರಗಿನಿಂದ ಗೊಣಗುತ್ತಿದ್ದಾನೆ. ಇಷ್ಟಕ್ಕೇ ನಿಲ್ಲಿಸುತ್ತೇನೆ.

ನಿನ್ನ ದಾರಿ ಕಾಯುತ್ತಿರುವ ಅಕ್ಕ,
ತಲಾಸೊ

ತಾ.ಕ.: ಮಡಿಸುವ ಮೊದಲು ಒಮ್ಮೆ ಓದಿದೆ. ದಿರಾಮು ಕ್ಷೇಮ ಎಂದು ಬರೆದಿದ್ದೇನೆ. ಅಪ್ಪನ ಮೇಲೆ ಅಷ್ಟು ರೇಗಿದವಳು ನಾನೇ. ನಿನ್ನೆ ಸಂಜೆಯಿಂದ ಅವಳಿಗೂ ಶುರುವಾಗಿದೆ ಬೊಕಾಯೊ. ಕಣ್ಣುಗಳು ಒಳಕ್ಕೆ ಹೋಗಿವೆ. ಅಳುತ್ತಾಳೆ, ಕಣ್ಣೀರು ಬರುವುದಿಲ್ಲ. ಅಪ್ಪನಿಗೆ ಇನ್ನೂ ಹೇಳಿಲ್ಲ. ಅವಳನ್ನು ಒಂಟೆಗೆ ಕಟ್ಟಲು ನಾನು ಬಿಡುವುದಿಲ್ಲ; ಬಿಡಾರ ಹೊರಟರೂ ನನ್ನ ಮನೆ ಬಿಚ್ಚುವುದಿಲ್ಲ. ಬರುವುದು ತಡವಾದರೆ ಒಂಟೆಗಳ ಹೆಜ್ಜೆ ಹಿಡಿದು ಹೋಗಿಬಿಡಬೇಡಿ. ಖಾಲಿ ಬಯಲಿನಲ್ಲಿ ಒಂದೇ ಒಂದು ಮನೆ ಇರುತ್ತದೆ, ಮೊದಲು ಅಲ್ಲಿಗೆ ಬನ್ನಿ, ಆಮೇಲೆ ಅವರ ಹಿಂದೆ ಹೋಗಿ. ಬಾಗಿಲಲ್ಲಿ ನಿಂತು ಕ್ಷೇಮವೇ ಎಂದು ಕೇಳಬೇಡ ತಾಯಿ. ಕೇಳಿದರೆ ನನ್ನ ಬಾಯಲ್ಲಿ ಕ್ಷೇಮ ಎಂದೇ ಬರುತ್ತದೆ. ಏನೂ ಕೇಳದೆ ಒಳಗೆ ಬಾ.