ಬಿಳಿತೊಗಟೆಯ ಗುಂಪುಗಳು

ಕಾಡಿನ ಬಿಡಾರ
ಮಾರ್ಚ್ ೧೪

ನನ್ನವರಿಗೆ,

ಕ್ಷೇಮವೇ? ನಿಮ್ಮ ಪತ್ರ ಬಂದು ಬಹಳ ದಿನವಾಯಿತು. ತಡವಾಯಿತೆಂದು ಬೈಯಬೇಡಿ, ಬೈದರೂ ಕೇಳಿಸಿಕೊಳ್ಳಲು ನಾನು ಅಲ್ಲಿಲ್ಲ, ಪಾಪ ಅತ್ತೆಯೇ ಕೇಳಬೇಕು. ಹೊಸ ಕೃತಕ ಕಾಲು ಈಗಲೂ ಉಜ್ಜುತ್ತದೆಯೇ? ಅತ್ತೆಯ ಕೆಮ್ಮು ಹೇಗಿದೆ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ, ಸೊಳ್ಳೆಗಳು ಇನ್ನೂ ಚೆನ್ನಾಗಿವೆ.

ಒಂದು ಸುದ್ದಿಯಿದೆ. ನಾವಿಬ್ಬರೂ ಟೇಪು ಹಿಡಿದು ಅಳೆದ ಮರಗಳೆಲ್ಲ ಕಡೆಗೂ ನಕ್ಷೆಗೆ ಬಂದಿವೆ. ಮರಕ್ಕೊಂದು ಚುಕ್ಕಿ. ಬೇರೆ ಜಾತಿಗಳು ಕಾಡಿನ ತುಂಬ ಚೆಲ್ಲಿಕೊಂಡಿವೆ. ನಾವು ಬಿಳಿತೊಗಟೆ ಎನ್ನುತ್ತಿದ್ದೆವಲ್ಲ, ಅದು ಮಾತ್ರ ಅಲ್ಲೊಂದು ಗುಂಪು, ಇಲ್ಲೊಂದು ಗುಂಪು. ನಡುವೆ ಒಂದೂ ಇಲ್ಲ.

"ಮಣ್ಣಿನ ಗುಣ ಕಣಮ್ಮ," ಎಂದರು ಮೇಷ್ಟ್ರು.

"ಅಲ್ಲ ಸರ್, ದೊಡ್ಡ ಮರ ಬಿದ್ದು ಬಿಸಿಲು ಇಳಿದ ಕಡೆ ಹುಟ್ಟಿರಬೇಕು," ಎಂದೆ.

"ಹಾಗಾದ್ರೆ ಯಾವಾಗ ಮರ ಬಿತ್ತು ಅಂತ ಗೊತ್ತಿರೋ ಒಂದು ಜಾಗ ತೋರಿಸು ನೋಡೋಣ," ಎಂದವರು ತಕ್ಷಣ ನಾಲಿಗೆ ಕಚ್ಚಿಕೊಂಡರು. ಅಂಥ ಜಾಗ ನಮಗೆ ಗೊತ್ತಿರುವುದು ಒಂದೇ. "ಬೇಡ, ಬೇರೆ ಯಾರನ್ನಾದ್ರೂ ಕಳಿಸ್ತೀನಿ," ಎಂದರು. ನಾನೇ ಹೋಗುತ್ತೇನೆ ಎಂದೆ.

ಮೂರು ವರ್ಷದಿಂದ ಆ ಕಡೆ ಸುಳಿದಿರಲಿಲ್ಲ. ನಿಮ್ಮ ಮೇಲೆ ಬಿದ್ದ ಆ ಮರ ಅರ್ಧ ಕೊಳೆತು, ಮೈತುಂಬ ಅಣಬೆ ಹೊತ್ತು ಮಲಗಿದೆ. ಅದರ ಎರಡೂ ಮಗ್ಗುಲಲ್ಲಿ ಬಿಳಿತೊಗಟೆಯ ಸಸಿಗಳು, ಒತ್ತೊತ್ತಾಗಿ, ನನಗಿಂತ ಎತ್ತರ! ನೆರಳು ಶುರುವಾಗುವಲ್ಲಿ ಗೆರೆ ಎಳೆದ ಹಾಗೆ ನಿಂತುಬಿಟ್ಟಿವೆ. ಖುಷಿಯಾಗಬೇಕಿತ್ತು, ಮೊದಲು ಬಂದದ್ದು ಸಿಟ್ಟು. ನಿಮ್ಮನ್ನು ಎಳೆದು ತೆಗೆದ ಜಾಗದಲ್ಲಿ ಇವಕ್ಕೇನು ಇಷ್ಟು ಸೊಗಸು ಎಂದು ಒಂದನ್ನು ಕಿತ್ತೇ ಹಾಕಿದೆ. ಆಮೇಲೆ ಅಲ್ಲೇ ಕೂತು ಮನಸಾರೆ ಅತ್ತು, ಮೂಗು ಒರೆಸಿಕೊಂಡು, ಉಳಿದವನ್ನೆಲ್ಲ ಅಳೆದೆ. ಬಿಸಿಲಿನ ಮಣ್ಣು, ನೆರಳಿನ ಮಣ್ಣು ಎರಡನ್ನೂ ಚೀಲಕ್ಕೆ ತುಂಬಿಕೊಂಡು ಬಂದೆ.

ನಿನ್ನೆ ಫಲಿತಾಂಶ ಬಂತು: ಮಣ್ಣಿನಲ್ಲಿ ವ್ಯತ್ಯಾಸವೇ ಇಲ್ಲ. ಮೇಷ್ಟ್ರು ಕನ್ನಡಕ ತೆಗೆದು, "ಒಪ್ಪಿದೆ ತಾಯಿ. ಆದ್ರೆ ಒಂದು ಜಾಗ ಸಾಕಾಗಲ್ಲ. ವಿಮಾನದಿಂದ ತೆಗೆದ ಹಳೇ ಫೋಟೋಗಳಲ್ಲಿ ಮರ ಬಿದ್ದ ಕಡೆಗಳನ್ನೆಲ್ಲ ಹುಡುಕಬೇಕು. ಅದು ನಿನ್ನ ಗಂಡನ ಕಣ್ಣಿಗೇ ಆಗೋ ಕೆಲಸ. ಕರೆಸು ಅವನನ್ನ," ಎಂದರು. ಕೂತು ಮಾಡುವ ಕೆಲಸ. ಕಿಟಕಿ ಪಕ್ಕದ ಮೇಜು ಖಾಲಿ ಮಾಡಿದ್ದೇನೆ. ಮೆಟ್ಟಿಲ ಪಕ್ಕ ಹಿಡಿದುಕೊಳ್ಳಲು ಬಡಗಿ ಒಂದು ಪಟ್ಟಿ ಬಡಿದುಕೊಟ್ಟಿದ್ದಾನೆ.

ಅತ್ತೆಗೆ ನನ್ನ ನಮಸ್ಕಾರ ಹೇಳಿ. ಅವರ ಆಶೀರ್ವಾದ ನಮ್ಮಿಬ್ಬರ ತಲೆಯ ಮೇಲಿರಲಿ.

ನಿಮ್ಮವಳು

ತಾ.ಕ.: ಕಳೆದ ಪತ್ರದ ಕೊನೆಗೆ, "ನಿನಗಿನ್ನೂ ವಯಸ್ಸಿದೆ, ಈ ಕುಂಟನನ್ನು ಬಿಟ್ಟು ಬೇರೆ ಬದುಕು ನೋಡಿಕೋ" ಎಂದು ಬರೆದಿದ್ದಿರಿ. ಇಷ್ಟು ದಿನ ಬರೆಯಲು ಕೈ ಏಳದಿದ್ದದ್ದು ಅದಕ್ಕೇ. ಆ ಮರ ಬಿದ್ದಾಗಲೂ ನಾನು ಇಷ್ಟು ಹೆದರಿರಲಿಲ್ಲ ರೀ. ನನಗೆ ಬೇರೆ ಬದುಕು ಬೇಡ. ಆ ಮಾತು ಇನ್ನೊಮ್ಮೆ ಬರೆಯಬೇಡಿ. ಈ ಪತ್ರಕ್ಕೆ ಉತ್ತರವನ್ನೂ ಬರೆಯಬೇಡಿ. ಶನಿವಾರ ಬೆಳಗ್ಗೆ ಜೀಪು ಮನೆ ಮುಂದೆ ಬರುತ್ತದೆ. ಅತ್ತೆಯನ್ನೂ ಕರೆದುಕೊಂಡು ಹತ್ತಿ ಬನ್ನಿ.