ಕಟ್ಟೆಯ ಮೇಲಿನ ಐದು ಜನ

11 ಫೆಬ್ರವರಿ 2008, ಸೋಮವಾರ

ಬೆಳಿಗ್ಗೆ ಎದ್ದು ಕಿಟಕಿ ಒರೆಸಿದೆ. ಕಾಲೇಜಿಗೆ ಹೊರಡುವ ಮುಂಚೆ ಮತ್ತೆ ಒರೆಸಿದೆ. ಬಟ್ಟೆ ಕೆಂಪು, ಬಕೆಟ್ ಕೆಂಪು, ಅವ್ವನ ಮುಖ ಎರಡಕ್ಕಿಂತ ಕೆಂಪು. ಲಾರಿ ಹೋದಾಗಲೆಲ್ಲ ಕಪಾಟಿನ ಪಾತ್ರೆ ಗಡಗಡ. ಲಾರಿಯಲ್ಲಿ ಅದಿರು, ಮನೆಯೆಲ್ಲ ಅದಿರು... ಹೆಸರಿಟ್ಟವನಿಗೆ ಮೊದಲೇ ಗೊತ್ತಿತ್ತೇನೋ.

ಸಂಜೆ ನಮ್ಮ ಚಿತ್ತವಾಡ್ಗಿಯಿಂದ ಆಟೋ ಹಿಡಿದು ವೀರೇಶನ ಸೈಬರ್ ಕೆಫೆ. ಕನ್ನಡ ಟೈಪಿಂಗ್ ಹಾಕಿಸಿರುವವನು ಊರಲ್ಲಿ ಅವನೊಬ್ಬನೇ.

“ಬರ್ರಿ ಸುನಿತಕ್ಕಾ. ಮೂಲ್ಯಾಗಿನ ಸಿಸ್ಟಮ್ ಖಾಲಿ ಐತಿ. ಕೀಬೋರ್ಡ್ ಊದಿ ಕುಂದ್ರಿ, ಧೂಳು.”

ಆನ್‌ಲೈನ್ ವಿಶ್ವಕೋಶಕ್ಕೆ ‘ಮಾದರಿ’ ಅನ್ನುವ ಪುಟ ಮುಗಿಸಿದೆ. ಸಂಖ್ಯಾಶಾಸ್ತ್ರದಲ್ಲಿ ನನ್ನ ಇಪ್ಪತ್ತನೆಯದೋ ಇಪ್ಪತ್ತೊಂದನೆಯದೋ. ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುವವಳಿಗೇ ಲೆಕ್ಕ ತಪ್ಪಿದೆ. ಈ ಕೋಶಕ್ಕೆ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು, ಸಂಬಳ ಮಾತ್ರ ಯಾರಿಗೂ ಇಲ್ಲ. ಅಲ್ಲಿ ನನ್ನ ಹೆಸರು ‘ಬಹುಲಕ್ಕ’. ಗುಂಪಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬರುವ ಸಂಖ್ಯೆಗೆ ಬಹುಲಕ ಅನ್ನುತ್ತಾರೆ. ಅದಕ್ಕೊಂದು ಒತ್ತು ಕೊಟ್ಟರೆ ನಾನು.

ಇವತ್ತಿನ ಸಾಲು: “ಒಂದೇ ಕಟ್ಟೆಯ ಮೇಲೆ ಕೂತ ಐದು ಜನರನ್ನು ಕೇಳಿದರೆ ಐದು ಅಭಿಪ್ರಾಯ ಸಿಗುವುದಿಲ್ಲ, ಒಂದೇ ಅಭಿಪ್ರಾಯ ಐದು ಸಲ ಸಿಗುತ್ತದೆ.” ಓದಿಕೊಂಡು ನಾನೇ ನಕ್ಕೆ. ವೀರೇಶ ತಿರುಗಿ ನೋಡಿದ.

ಮನೆಗೆ ಬಂದರೆ ಅವ್ವ ಕೆಮ್ಮುತ್ತಾ, “ಬಂದ್ಯಾ? ಆ ಕೋಶದಾಗ ಏನೈತ್ಯೋ ನಿಂದು!” ಊರಿಗೆಲ್ಲ ಶ್ವಾಸಕೋಶದ ಚಿಂತೆ, ನನಗೆ ವಿಶ್ವಕೋಶದ್ದು.

14 ಫೆಬ್ರವರಿ, ಗುರುವಾರ

ಪ್ರೇಮಿಗಳ ದಿನ. ನನಗೆ ಬಂದ ಏಕೈಕ ಪತ್ರ ‘ಸಮಚಿತ್ತ’ರಿಂದ. ಕೋಶದ ನಿರ್ವಾಹಕರು ಅವರು; ಪುಟ ಅಳಿಸುವ, ಖಾತೆ ತಡೆಯುವ ಅಧಿಕಾರ ಉಂಟು. ನಿಜವಾದ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಸಿಟ್ಟು ಮಾತ್ರ ಗೊತ್ತು.

‘ಸರಾಸರಿ’ ಪುಟದಲ್ಲಿ ನಾನು ಹೀಗೊಂದು ಉದಾಹರಣೆ ಕೊಟ್ಟಿದ್ದೆ: “ಸಂಡೂರಿನ ಒಂದು ರಸ್ತೆಯಲ್ಲಿ ಒಂಬತ್ತು ಜನ ನಡೆದು ಹೋಗುತ್ತಿದ್ದಾರೆ. ಹತ್ತನೆಯವರು ಮೇಲೆ ಹೆಲಿಕಾಪ್ಟರಿನಲ್ಲಿದ್ದಾರೆ. ಸರಾಸರಿ ತೆಗೆದರೆ ಹತ್ತೂ ಜನ ತೆಂಗಿನಮರಕ್ಕಿಂತ ಎತ್ತರದಲ್ಲಿದ್ದಾರೆ. ಆದ್ದರಿಂದ ಇಂಥ ಕಡೆ ಮಧ್ಯಾಂಕ ನೋಡಬೇಕು, ಅಂದರೆ ಸಾಲಿನ ನಡುವೆ ಇರುವವರನ್ನು. ಅವರು ನೆಲದ ಮೇಲೇ ಇದ್ದಾರೆ.”

ಚರ್ಚಾಪುಟದಲ್ಲಿ ಸಮಚಿತ್ತರು: “ಇದಕ್ಕೆ ಉಲ್ಲೇಖ ಎಲ್ಲಿದೆ? ಯಾವ ಪುಸ್ತಕ, ಯಾವ ಪತ್ರಿಕೆ? ಇದು ವಿಶ್ವಕೋಶ, ವ್ಯಂಗ್ಯಕೋಶವಲ್ಲ.”

ನಾನು: “ಸ್ವಾಮಿ, ಕನ್ನಡದಲ್ಲಿ ಪುಸ್ತಕ ಇಲ್ಲವೆಂದೇ ಬರೆಯುತ್ತಿರುವುದು. ಉಲ್ಲೇಖ ಬೇಕಾದರೆ ತಲೆ ಎತ್ತಿ ನೋಡಿ, ಈಗಷ್ಟೇ ಒಂದು ಹಾರಿಹೋಯಿತು.”

ಕಳಿಸಿದ ಮೇಲೆ ಅನಿಸಿತು, ಎರಡನೇ ವಾಕ್ಯ ಬೇಕಿರಲಿಲ್ಲ. ಅವರ ಚಿತ್ತ ಸಮ, ನನ್ನದು ಬೆಸ. ಕೂಡಿದರೆ ಬೆಸವೇ ಬರುತ್ತದೆ.

23 ಫೆಬ್ರವರಿ, ಶನಿವಾರ

ಪ್ರಿನ್ಸಿಪಾಲರು ಕರೆದರು. ನನ್ನ ಸಬ್ಜೆಕ್ಟಿಗೆ ಉಳಿದಿರುವುದು ಫೈನಲ್ ಇಯರಿನ ಐದು ಮಕ್ಕಳು. ಕೆಳಗಿನ ಎರಡೂ ವರ್ಷ ಖಾಲಿ. ಪಿಯುಸಿವರೆಗೆ ಕನ್ನಡದಲ್ಲಿ ಓದಿದವರು ಇಂಗ್ಲಿಷ್ ಸ್ಟ್ಯಾಟಿಸ್ಟಿಕ್ಸ್ ಪುಸ್ತಕ ಕಂಡರೆ ಹಾವು ಕಂಡಂತೆ ಹಿಂದೆ ಸರಿಯುತ್ತಾರೆ. ಸರಿದವರನ್ನು ಗಣಿ ಎತ್ತಿಕೊಳ್ಳುತ್ತದೆ. ಮೈನ್ ಎದುರು ನನ್ನ ಮೀನ್, ಅಂದರೆ ಸರಾಸರಿ, ಎಷ್ಟರದು?

“ಜೂನ್‌ದಾಗ ಅಡ್ಮಿಷನ್ ಆಗ್ಲಿಲ್ಲಂದ್ರ ಡಿಪಾರ್ಟ್‌ಮೆಂಟ್ ಮುಚ್ಚತೀವ್ರಿ ಮೇಡಂ. ನಿಮ್ಮದೂ ಗೆಸ್ಟ್ ಪೋಸ್ಟು... ತಿಳ್ಕೋರಿ.”

ತಿಳಿದುಕೊಂಡೆ. ನಂತರ ಅವರದೇ ಕಂಪ್ಯೂಟರಿನಲ್ಲಿ ವಿಶ್ವಕೋಶದ ಪುಟಗಳನ್ನು ಒಂದೊಂದಾಗಿ ತೆರೆದು ತೋರಿಸಿದೆ. ಅವರ ಕಣ್ಣು ಅರಳಿತು.

“ಇದೆಲ್ಲಾ ಕನ್ನಡದಾಗ? ಇಂಟರ್ನೆಟ್‌ನ್ಯಾಗ? ಮಸ್ತ್ ಐತಲ್ರಿ! ಪ್ರಾಸ್ಪೆಕ್ಟಸ್‌ನ್ಯಾಗ ಹಾಕೋಣು.”

ಮಕ್ಕಳಿಗೂ ಹೇಳಿದೆ. ಎಮ್ಮಿಗನೂರಿನ ರೇಣುಕಾದೇವಿ ತನ್ನ ತಂಗಿ ಭರಮಮ್ಮನನ್ನು ಈ ವರ್ಷ ಸೇರಿಸುತ್ತಾಳಂತೆ. “ಮಧ್ಯಾಂಕದ ಹಾಳಿ ಕೊಟ್ಟಿದ್ದೆ ಮೇಡಂ. ಓದಿ, ಅಕ್ಕಾ ಇಷ್ಟೇ ಏನು, ಇದಕ್ಯಾಕ ಹೆದರ್ತಾರ ಮಂದಿ, ಅಂದ್ಲು.” ಮೆಟ್ರಿಯ ಕಿರಣ್ ಕುಮಾರ್, “ನಮ್ಮ ಓಣ್ಯಾಗ ಇನ್ನೂ ನಾಕು ಮಂದಿ ಅದಾರ್ರಿ, ಎಳ್ಕೊಂಡು ಬರ್ತೀನಿ,” ಅಂದ.

ಬಹಳ ದಿನಗಳ ನಂತರ ಆಟೋದಲ್ಲಿ ಹಾಡು ಗುನುಗಿದೆ.

8 ಮಾರ್ಚ್, ಶನಿವಾರ

ಸಮಚಿತ್ತರ ಪ್ರಸ್ತಾಪ. ಸಂಖ್ಯಾಶಾಸ್ತ್ರದ ಸಣ್ಣ ಪುಟಗಳನ್ನೆಲ್ಲ ಒಂದೇ ಪುಟಕ್ಕೆ ವಿಲೀನ ಮಾಡಬೇಕು. ಉಲ್ಲೇಖವಿಲ್ಲದ ಉದಾಹರಣೆಗಳನ್ನು ತೆಗೆಯಬೇಕು. ಕೋಶದ ಪದ್ಧತಿಯಂತೆ ಒಂದು ವಾರ ಚರ್ಚೆ. ಹೆಚ್ಚಿನವರು ‘ಉಳಿಸಿ’ ಅಂದರೆ ಉಳಿಯುತ್ತದೆ.

ಉದಾಹರಣೆ ತೆಗೆದರೆ ಉಳಿಯುವುದು ಸೂತ್ರ. ಸೂತ್ರ ಇಂಗ್ಲಿಷ್ ಪುಸ್ತಕದಲ್ಲೂ ಇದೆ. ಮಕ್ಕಳು ಓಡಿದ್ದೇ ಅದನ್ನು ನೋಡಿ.

ಇದುವರೆಗಿನ ಅಭಿಪ್ರಾಯ: ಸಮಚಿತ್ತ — ವಿಲೀನ. ಮೈಸೂರಿನ ಯಾರೋ ಒಬ್ಬರು — ವಿಲೀನ. ಬಹುಲಕ್ಕ — ಉಳಿಸಿ. ಇಷ್ಟು ದೊಡ್ಡ ಭಾಷೆ, ಮಾತಾಡುವವರು ಮೂರು ಜನ.

12 ಮಾರ್ಚ್, ಬುಧವಾರ

ಐದೂ ಮಕ್ಕಳನ್ನು ವೀರೇಶನ ಕೆಫೆಗೆ ಕರೆದುಕೊಂಡು ಹೋದೆ. ಪುಟಗಳು ಇರುವುದು ಅವರಿಗಾಗಿ, ಬೇಕೋ ಬೇಡವೋ ಅವರೇ ಹೇಳಲಿ. ಪ್ರತಿಯೊಬ್ಬರಿಗೂ ಅವರವರ ಹೆಸರಿನಲ್ಲೇ ಖಾತೆ. ಕಳ್ಳಹೆಸರು ಬೇಡ ಅಂದೆ.

“ಏನಂತ ಬರೀಬೇಕ್ರಿ ಮೇಡಂ?” ಕಿರಣ್.

“ನಿನಗೆ ಅನಿಸಿದ್ದು ಬರಿ.”

“ಅನಿಸಿದ್ದಂದ್ರ... ಅರ್ಜಿ ಇದ್ದಂಗ?”

“ಮರ್ಯಾದೆಯಿಂದ ಬರಿ, ಸಾಕು.”

ಮರ್ಯಾದೆಯಿಂದ ಬರೆಯುವುದು ಅಂದರೆ ನಮ್ಮ ಮಕ್ಕಳಿಗೆ ಗೊತ್ತಿರುವುದು ಒಂದೇ ರೀತಿ: ಶಾಲೆಯಲ್ಲಿ ಕಲಿತ ರಜಾ ಅರ್ಜಿ. “ಇವರಿಗೆ, ನಿರ್ವಾಹಕರು, ವಿಶ್ವಕೋಶ. ವಿಷಯ: ಸಂಖ್ಯಾಶಾಸ್ತ್ರದ ಪುಟಗಳನ್ನು ಉಳಿಸುವ ಕುರಿತು. ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ...” ಐದೂ ಹೀಗೇ. ಕೊನೆಗೆ ‘ಇಂತಿ ತಮ್ಮ ವಿಧೇಯ’. ರೇಣುಕಾದೇವಿಯದು ‘ವಿಧೇಯಳು’, ಅಷ್ಟೇ ವ್ಯತ್ಯಾಸ.

ನಕ್ಕು ಸುಸ್ತಾದೆ. ಆಮೇಲೆ ಒಂದೊಂದನ್ನೇ ನಿಧಾನವಾಗಿ ಓದಿದೆ. ಕಿರಣ್ ಬರೆದಿದ್ದ: “ನಮ್ಮ ಮನೆಯಲ್ಲಿ ಡಿಗ್ರಿ ಓದಿದವನು ನಾನೇ ಮೊದಲು. ಈ ಪುಟಗಳು ಇಲ್ಲದಿದ್ದರೆ ಮೊದಲ ವರ್ಷವೇ ಬಿಡುತ್ತಿದ್ದೆ.” ಕಾಗುಣಿತ ಮಾತ್ರ ತಿದ್ದಿದೆ. ಎಲ್ಲರದೂ.

ಈಗ ಲೆಕ್ಕ: ಉಳಿಸಿ ಆರು, ವಿಲೀನ ಎರಡು. ವೀರೇಶ ಎಲ್ಲರಿಗೂ ಮಿರ್ಚಿ ತರಿಸಿದ. “ಗೆದ್ದ್ರಿ ಬಿಡ್ರಿ!”

15 ಮಾರ್ಚ್, ಶನಿವಾರ

ನಾವು ಆರು ಜನ ಇಲ್ಲವಂತೆ. ಒಬ್ಬರೇ ಅಂತೆ.

ಸಮಚಿತ್ತರ ತೀರ್ಪು: “ಪರಿಶೀಲನೆ ಮಾಡಿಸಲಾಗಿ ಆರೂ ಖಾತೆಗಳು ಒಂದೇ ಇಂಟರ್ನೆಟ್ ವಿಳಾಸದಿಂದ ಬಂದಿವೆ. ಐದು ಖಾತೆ ಒಂದೇ ಮಧ್ಯಾಹ್ನ ಹುಟ್ಟಿವೆ. ಐದರ ಒಕ್ಕಣೆಯೂ ಒಂದೇ. ಕಾಗುಣಿತದ ತಪ್ಪು ಒಂದರಲ್ಲೂ ಇಲ್ಲ. ಇವು ಬಹುಲಕ್ಕ ಅವರ ಕೈಗೊಂಬೆ ಖಾತೆಗಳು. ಆರನ್ನೂ ತಡೆಹಿಡಿಯಲಾಗಿದೆ. ಅಭಿಪ್ರಾಯ: ಉಳಿಸಿ ಒಂದು, ವಿಲೀನ ಎರಡು.”

ಅದರ ಕೆಳಗೆ ಇನ್ನೊಂದು ಸಾಲು: “ಈ ಬಗ್ಗೆ ‘ಮಾದರಿ’ ಪುಟದಲ್ಲಿ ಬಹುಲಕ್ಕ ಅವರೇ ಸೊಗಸಾಗಿ ಬರೆದಿದ್ದಾರೆ: ಒಂದೇ ಕಟ್ಟೆಯ ಮೇಲೆ ಕೂತ ಐದು ಜನರನ್ನು ಕೇಳಿದರೆ...”

ಪೂರ್ತಿ ಓದಲಿಲ್ಲ. ಬಾಯಿಪಾಠ ಇದೆ.

ವೀರೇಶ ತಲೆ ಕೆರೆದುಕೊಂಡ. “ಅಕ್ಕಾ, ನಮ್ಮ ಕೆಫೆಗೆ ಇರೋದ ಒಂದು ಲೈನ್. ಹತ್ತು ಸಿಸ್ಟಮ್‌ನ್ಯಾಗ ಹತ್ತು ಮಂದಿ ಕುಂತ್ರೂ ಹೊರಗಿಂದ ಒಬ್ಬನ ಕುಂತಂಗ ಕಾಣ್ತತಿ.”

“ಮೊದಲೇ ಹೇಳಬಾರದಿತ್ತಾ?”

“ನೀವು ಕೇಳ್ಬೇಕಲ್ರಿ.”

ಸ್ವತಂತ್ರವಲ್ಲದ ಮಾದರಿ. ಫೈನಲ್ ಇಯರ್, ಮೊದಲ ಪಾಠ. ಪ್ರತಿ ವರ್ಷ ನಾನೇ ಮಾಡುವುದು.

16 ಮಾರ್ಚ್, ಭಾನುವಾರ

ಬೇರೆ ಲೈನಿನಿಂದ ಖಾತೆ ತೆರೆಯಬಹುದೇನೋ ಅಂತ ಕಂಪ್ಲಿಗೆ ಬಸ್ಸು. ಅಲ್ಲೊಂದು ಕೆಫೆಯಲ್ಲಿ ಕನ್ನಡ ಬರುತ್ತದೆ ಅಂದಿದ್ದಳು ರೇಣುಕಾದೇವಿ. ಎಮ್ಮಿಗನೂರಿನಿಂದ ಅವಳೂ ಬಂದಿದ್ದಳು. ಹೋದರೆ ಕರೆಂಟಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲು ಕುಡಿಯುತ್ತಾ ಕಾದೆವು.

“ಮೇಡಂ, ನಾವ್ ಐದು ಮಂದಿ ಐದು ಊರಿಗೆ ಹೋಗಿ ಬರದ್ರ ಐದು ಮಂದಿ ಆಗ್ತೀವೇನ್ರಿ?”

“ಆಗ್ತೀರಿ.”

“ಮತ್ತ ಒಂದ ಊರಾಗ ಇದ್ರ?”

ಎದ್ದು ಖಾಲಿ ಲೋಟ ಎರಡನ್ನೂ ಅಂಗಡಿಯವನಿಗೆ ಕೊಟ್ಟುಬಂದೆ.

ಕರೆಂಟು ಬಂತು. ನನ್ನ ಖಾತೆ ಕಂಪ್ಲಿಯಲ್ಲೂ ತಡೆಹಿಡಿದೇ ಇತ್ತು. ಈಮೇಲಿಗೆ ತಡೆ ಇಲ್ಲ. ಸಮಚಿತ್ತರಿಗೆ ಬರೆದೆ. ಒಂದೂ ಶ್ಲೇಷೆ ಇಲ್ಲದೆ, ಬಹುಶಃ ಜೀವಮಾನದಲ್ಲಿ ಮೊದಲ ಸಲ. ಐವರ ಹೆಸರು, ಊರು, ಹಾಲ್ ಟಿಕೆಟ್ ನಂಬರು. ಕೆಫೆಯ ಮುಂದೆ ವೀರೇಶ ತೆಗೆದಿದ್ದ ಮಿರ್ಚಿ ತಿನ್ನುವ ಫೋಟೋ. ಜೂನ್ ವಿಷಯ, ಭರಮಮ್ಮನ ವಿಷಯ, ಎಲ್ಲ.

20 ಮಾರ್ಚ್, ಗುರುವಾರ

ಉತ್ತರ ಬಂತು. ಬೈದಿದ್ದರೆ ಚೆನ್ನಾಗಿತ್ತು.

“ಮೇಡಂ, ಫೋಟೋ ನೋಡಿದೆ. ಐವರೂ ಬೇರೆ ಬೇರೆ ಎಂದು ನಾನು ನಂಬುತ್ತೇನೆ. ಆದರೆ ನಂಬಿಕೆಯನ್ನು ಉಲ್ಲೇಖವಾಗಿ ಕೊಡಲು ಬರುವುದಿಲ್ಲ. ತೀರ್ಪು ತಿರುಗಿಸಿದರೆ ನಾಳೆ ಜಾತಿ ಪುಟಕ್ಕೆ, ಪಾರ್ಟಿ ಪುಟಕ್ಕೆ ಐವತ್ತು ಜನರ ಫೋಟೋ ಹಿಡಿದುಕೊಂಡು ಬರುತ್ತಾರೆ. ಅವರನ್ನು ಏನು ಹೇಳಿ ತಡೆಯಲಿ? ಇಲ್ಲಿ ನಿರ್ವಾಹಕರು ಮೂವರು. ಉಳಿದಿಬ್ಬರು ಕಾಣಿಸಿಕೊಂಡು ತಿಂಗಳುಗಳಾದವು. ನಾನು ಬ್ಯಾಂಕಿನಿಂದ ಬಂದು, ಊಟ ಮಾಡಿ, ಇದನ್ನು ಗುಡಿಸುತ್ತೇನೆ. ನಿಮ್ಮ ಮೇಲಿನ ತಡೆ ಜೂನ್ ಕೊನೆಗೆ ತಾನಾಗಿ ಹೋಗುತ್ತದೆ. ದಯವಿಟ್ಟು ಮತ್ತೆ ಬರೆಯಿರಿ. ಹೆಲಿಕಾಪ್ಟರ್ ಓದಿ ನನ್ನ ಮಗಳು ತುಂಬ ನಕ್ಕಳು. ಅದನ್ನು ಅಳಿಸಿದವನು ನಾನೇ.”

ಎರಡು ಸಲ ಓದಿದೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಇದೇ ಕಷ್ಟ. ಸಿಟ್ಟು ಮಾಡಿಕೊಳ್ಳಲು ಒಬ್ಬ ಮನುಷ್ಯನಾದರೂ ಬೇಡವೇ?

ಇಪ್ಪತ್ತು ಪುಟ ಹೋಗಿ ಒಂದು ಪುಟ ಆಗಿದೆ. ತೆರೆಯುವುದಕ್ಕೆ ಹೊತ್ತು ಹಿಡಿಯಲಿಲ್ಲ. ಹಗುರ.

9 ಜೂನ್, ಸೋಮವಾರ

ಎರಡೂವರೆ ತಿಂಗಳು ಏನೂ ಬರೆದಿಲ್ಲ. ಬರೆಯುವಂಥದ್ದು ಆಗಲಿಲ್ಲ. ಪರೀಕ್ಷೆ ಆಯಿತು, ಸೆಖೆ ಆಯಿತು, ಅವ್ವನಿಗೆ ಎಕ್ಸ್‌ರೇ ಆಯಿತು.

ಅಡ್ಮಿಷನ್ ಶುರು. ಪ್ರಾಸ್ಪೆಕ್ಟಸ್‌ನಲ್ಲಿ ನನ್ನ ಸಬ್ಜೆಕ್ಟಿನ ಸಾಲಿಲ್ಲ. ಪ್ರಿನ್ಸಿಪಾಲರ ಹತ್ತಿರ ಹೋದೆ.

“ನಾನೂ ನೋಡಿದ್ನೆಲ್ರಿ. ನೀವು ತೋರ್ಸಿದ್ದು ಈಗ ಅಲ್ಲಿ ಇಲ್ಲಲ್ಲ! ಇಲ್ಲದ್ದು ಐತಂತ ಹೆಂಗ ಪ್ರಿಂಟ್ ಮಾಡ್ಸಲಿ?”

“ಎಲ್ಲದರ ಝೆರಾಕ್ಸ್ ನನ್ನ ಹತ್ತಿರ ಇದೆ ಸರ್.”

“ಝೆರಾಕ್ಸ್ ಯಾರು ಬೇಕಾದ್ರೂ ಮಾಡ್ತಾರ್ರಿ ಮೇಡಂ. ನೆಟ್‌ನ್ಯಾಗ ಇದ್ರ ಅದರ ತೂಕನ ಬ್ಯಾರೆ.”

ಕೋಶದಲ್ಲಿ ಇರಬೇಕಾದರೆ ಪ್ರಿಂಟಿನಲ್ಲಿರಬೇಕು. ಪ್ರಿಂಟಿನಲ್ಲಿ ಬರಬೇಕಾದರೆ ಅಲ್ಲಿರಬೇಕು. ಬಾಗಿಲು ತೆಗೆಯುವ ಕೀಲಿ ಒಳಗೇ ಇಟ್ಟು ಬೀಗ ಹಾಕಿದ್ದಾರೆ.

ಹೊರಗೆ ರೇಣುಕಾದೇವಿ, ಜೊತೆಗೆ ಎರಡು ಜಡೆಯ ಭರಮಮ್ಮ. ಹಿಸ್ಟರಿಗೆ ಅರ್ಜಿ ಹಾಕಿ ಬಂದಿದ್ದರು. ರೇಣುಕಾದೇವಿ ನನ್ನ ಮುಖ ನೋಡಲಿಲ್ಲ. ಭರಮಮ್ಮನೇ ಹೇಳಿದಳು: “ನಿಮ್ಮ ಸಬ್ಜೆಕ್ಟ್ ಫಾರ್ಮ್‌ನ್ಯಾಗ ಇಲ್ಲಂದ್ರು ಮೇಡಂ. ನಾನು ಎರಡು ಸಲ ಕೇಳ್ದೆ.”

28 ಜೂನ್, ಶನಿವಾರ

ಬಸ್‌ಸ್ಟ್ಯಾಂಡಿನಲ್ಲಿ ಕಿರಣ್ ಕುಮಾರ್ ಸಿಕ್ಕ. ಸಂಡೂರಿನ ಕಡೆ ಒಂದು ಗಣಿಯ ತೂಕದ ಮನೆಯಲ್ಲಿ ಕೆಲಸ. ತಲೆಗೂದಲು, ರೆಪ್ಪೆ, ಅಂಗಿಯ ಕಾಲರು ಎಲ್ಲ ಒಂದೇ ಬಣ್ಣ.

“ಓದಿದ್ದು ಉಪಯೋಗಕ್ಕೆ ಬಂತಾ?” ಅಂದೆ, ತಮಾಷೆಗೆ.

“ಬಂತಲ್ರಿ ಮೇಡಂ! ಎಷ್ಟ ತುಂಬಿರ್ಲಿ, ಎಲ್ಲಾ ಲಾರಿಗೂ ಒಂದ ತೂಕ ಬರಿ ಅಂತಾರ. ಬರದ್ ಬರದ್ ಕೊಡ್ತೀನಿ. ಮಾನಕ ವಿಚಲನೆ ಸೊನ್ನೆ, ಒಂಚೂರು ಹೆಚ್ಚುಕಮ್ಮಿ ಇಲ್ಲ!”

ಇಬ್ಬರೂ ನಕ್ಕೆವು. ನನಗಿಂತ ಮೊದಲು ಅವನು ನಿಲ್ಲಿಸಿದ.

“ಮೆಟ್ರಿಯ ಆ ನಾಲ್ವರು?”

“ನನ್ ಕೂಡನ ಅದಾರ್ರಿ. ಲೋಡಿಂಗ್‌ನ್ಯಾಗ. ಎಳ್ಕೊಂಡು ಬರ್ತೀನಿ ಅಂದಿದ್ನೆಲ್ರಿ... ಗಣಿಗೆ ಎಳ್ಕೊಂಡು ಹೋದೆ.”

7 ಜುಲೈ, ಸೋಮವಾರ

ಕಾಲೇಜು ಶುರುವಾಯಿತು. ಟೈಮ್‌ಟೇಬಲ್ಲಿನಲ್ಲಿ ನನ್ನ ಹೆಸರಿಲ್ಲ. ಇರುವುದಿಲ್ಲ ಅಂತ ಗೊತ್ತಿದ್ದೂ ನೋಡಿಬಂದೆ. ಕೊನೆಯ ರೂಮಿನ ಬೆಂಚುಗಳನ್ನು ಬೇರೆ ಕಡೆ ಸಾಗಿಸುತ್ತಿದ್ದರು.

ವೀರೇಶನ ಕೆಫೆಗೆ ಹೋದೆ. “ಎಷ್ಟ ದಿನ ಆತ್ರೀ ಅಕ್ಕಾ,” ಅಂತ ತಾನೇ ಕೀಬೋರ್ಡ್ ಊದಿ ಕೊಟ್ಟ. ಆ ಒಂದು ಪುಟ ತೆರೆದೆ. ಸೂತ್ರಗಳು, ನಡುವೆ ಖಾಲಿ ಜಾಗ. ನನ್ನದು ಒಂದೇ ಒಂದು ವಾಕ್ಯ ಬಿಟ್ಟಿದ್ದಾರೆ: ಕಟ್ಟೆಯ ಮೇಲಿನ ಐದು ಜನರದ್ದು. ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಉಲ್ಲೇಖದ ಅಗತ್ಯವಿದೆ’.

ಖಾತೆ ಬಿಡುಗಡೆಯಾಗಿದೆ. ‘ಸಂಪಾದಿಸಿ’ ಒತ್ತಿದೆ. ಬಿಳಿ ಪೆಟ್ಟಿಗೆ ತೆರೆಯಿತು. ನೋಡುತ್ತಾ ಕೂತೆ. ಮುಚ್ಚಿ ಎದ್ದು ಬಂದೆ.

ಅವ್ವ ಮಲಗಿದ್ದಾಳೆ. ಕಿಟಕಿ ಒರೆಸಿಲ್ಲ ಇವತ್ತು. ಈ ಡೈರಿಯಲ್ಲೇ ಬರೆದು ನೋಡುತ್ತೇನೆ, ಇಲ್ಲಿ ಉಲ್ಲೇಖ ಕೇಳುವವರಿಲ್ಲ.

ಮಧ್ಯಾಂಕ. ಎಲ್ಲರನ್ನೂ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ. ಗಿಡ್ಡಗಿರುವವರು ಈ ತುದಿಗೆ, ಉದ್ದಗಿರುವವರು ಆ ತುದಿಗೆ. ಎರಡೂ ಕಡೆಯಿಂದ ಒಬ್ಬೊಬ್ಬರನ್ನೇ ಕಳಿಸುತ್ತಾ ಬನ್ನಿ. ಕೊನೆಗೆ ನಡುವೆ ಉಳಿದವರೇ ಮಧ್ಯಾಂಕ. ಉದಾಹರಣೆಗೆ, ನಮ್ಮ ತರಗತಿಯಲ್ಲಿ...