ಎರಡು ಸಲ ತಟ್ಟಿದರೆ

ಕರಾಟೆ ಮೇಷ್ಟ್ರಿಗೆ, ನಿಮ್ಮ ಶಿಷ್ಯನ ಅತ್ತೆ ಮಾಡುವ ನಮಸ್ಕಾರಗಳು.

ನಾನು ಅರ್ಧಕ್ಕೇ ಶಾಲೆ ಬಿಟ್ಟವಳು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಗಾಳಿಗೆ ಬಾಗಿಲು ಬಡಿದರೂ ಎದೆ ಹಾರುವವಳು ಅಂತ ಮನೆಯಲ್ಲಿ ನಗುತ್ತಾರೆ. ಇದೂ ಹಾಗೇ ಇರಲಿ ದೇವರೇ.

ಅಳಿಯಂದಿರು ಒಂದು ದಿನವೂ ಕ್ಲಾಸು ತಪ್ಪಿಸುವುದಿಲ್ಲ, ಅದು ನಿಮಗೇ ಗೊತ್ತು. ಬೆಳಿಗ್ಗೆ ಕಲಿತದ್ದನ್ನು ಸಂಜೆ ಕೆಲಸದಿಂದ ಬಂದು ನನ್ನ ಮಗಳ ಮೇಲೆ ಅಭ್ಯಾಸ ಮಾಡುತ್ತಾರೆ. ಮೊದಲು, ನಿಮ್ಮಲ್ಲಿ ಮಾಡುವ ಹಾಗೇ, ಅವಳಿಗೆ ಬಗ್ಗಿ ನಮಸ್ಕಾರ ಮಾಡುತ್ತಾರೆ. ಆಮೇಲೆ ಕುತ್ತಿಗೆ ಹಿಡಿಯುತ್ತಾರೆ.

ಸಿಕ್ಕಿಕೊಂಡವರು ಎರಡು ಸಲ ಕೈ ತಟ್ಟಿದರೆ ಬಿಟ್ಟುಬಿಡಬೇಕು ಅನ್ನುವುದು ನಿಮ್ಮ ಕ್ಲಾಸಿನ ನಿಯಮವಂತೆ. ಮಗಳು ನೆಲ ತಟ್ಟುವುದು ಅಡುಗೆಮನೆಗೆ ಕೇಳಿಸುತ್ತದೆ. ಎರಡಲ್ಲ, ತಟ್ಟುತ್ತಲೇ ಇರುತ್ತಾಳೆ. ನಾನು ಓಡಿಹೋದರೆ, "ನಿಮ್ಮ ಮಗಳದ್ದು ಬರೀ ನಾಟಕ ಅತ್ತೆ, ಸ್ವಲ್ಪ ತಡ್ಕೊಳ್ಳೋದು ಕಲೀಲಿ" ಅಂತ ನಗುತ್ತಾರೆ. ಮಗಳೂ ನಗುತ್ತಾಳೆ. ಈ ಸೆಕೆಯಲ್ಲೂ ಮಫ್ಲರ್ ಸುತ್ತಿಕೊಂಡು ಕೆಲಸಕ್ಕೆ ಹೋಗುತ್ತಾಳೆ.

ಅವರನ್ನು ಕ್ಲಾಸಿನಿಂದ ತೆಗೆಯಬೇಡಿ. ತೆಗೆದರೆ ಯಾರು ಹೇಳಿದ್ದು ಅಂತ ಗೊತ್ತಾಗಿಬಿಡುತ್ತದೆ. ಅವರು ಮಾತು ಕೇಳುವುದು ನಿಮ್ಮೊಬ್ಬರದೇ. ತಟ್ಟಿದರೆ ಮನೆಯಲ್ಲೂ ಬಿಡಬೇಕು ಅಂತ, ಎಲ್ಲರಿಗೂ ಹೇಳುವ ಹಾಗೆ ಒಂದು ಮಾತು ಹೇಳಿ. ನನ್ನ ಸುದ್ದಿ ಎತ್ತಬೇಡಿ.

ಇಷ್ಟು ಬರೆಯುವಾಗಲೇ ಅಳಿಯಂದಿರು ಬಂದರು. ಹಾಳೆಯನ್ನು ಹಿಟ್ಟಿನ ಡಬ್ಬದ ಕೆಳಗೆ ತಳ್ಳಿದೆ. ಏನು ಬರೀತಿದ್ದೀರಿ ಅಂತ ಅವರು ಕೇಳಲಿಲ್ಲ. ಅಡುಗೆಮನೆ ಬಾಗಿಲಲ್ಲಿ ನೆಟ್ಟಗೆ ನಿಂತು, ನನಗೆ ಬಗ್ಗಿ ನಮಸ್ಕಾರ ಮಾಡಿದರು.

ನಾಳೆಯೇ ಹೇಳಿ ಮೇಷ್ಟ್ರೇ.

ಇಂತಿ,
ಅವಳ ಅಮ್ಮ